ಯಾವ ‘ನಾವು’?

ಕಳೆದ ವಾರ ಆಫೀಸಿನಲ್ಲಿ ಊಟ ಮುಗಿಸಿ ಕಾಫಿ ಹೀರುತ್ತಾ ಕೂತಿದ್ದಾಗ ಗೆಳೆಯನೊಬ್ಬನ ಜೊತೆ ಸಣ್ಣ ಜಗಳ ಆಯ್ತು. ಜಗಳ ಅಂದರೆ ಕೈ ಕೈ ಮಿಲಾಯಿಸುವಂಥದ್ದಲ್ಲ, ವಾದ ಅಷ್ಟೇ. ವಿಷಯ ನಮ್ಮಿಬ್ಬರಿಗೂ ನೇರ ಸಂಬಂಧ ಇಲ್ಲದ್ದು. ಉಗಾಂಡಾ ದೇಶದ ಡೊಮಿನಿಕ್ ಒಂಗ್ವೆನ್ ಅನ್ನುವವನಿಗೆ ಹೇಗ್‌ನ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ 2021ರಲ್ಲಿ ಇಪ್ಪತ್ತೈದು ವರ್ಷ ಶಿಕ್ಷೆ ಕೊಟ್ಟಿತಲ್ಲ, ಅದು ಸರಿಯೋ ತಪ್ಪೋ ಅಂತ.

ಗೆಳೆಯನದು ನೇರ ಪ್ರಶ್ನೆ. "ಅವನು ಪಾಪದವನೋ, ಪಾಪಿಯೋ? ಎರಡರಲ್ಲಿ ಒಂದು ಹೇಳು. ಆಮೇಲೆ ಮಾತಾಡೋಣ."

ನನಗೆ ಹೇಳಲಿಕ್ಕಾಗಲಿಲ್ಲ. ಕಾಫಿ ಆರಿತು, ಮೀಟಿಂಗಿಗೆ ಹೊತ್ತಾಯ್ತು, ಇಬ್ಬರೂ ಎದ್ದೆವು. ಆದರೆ ಪ್ರಶ್ನೆ ಮಾತ್ರ ಚಪ್ಪಲಿಯೊಳಗೆ ಸಿಕ್ಕಿಕೊಂಡ ಕಲ್ಲಿನ ಹಾಗೆ ಒಂದು ವಾರದಿಂದ ಒತ್ತುತ್ತಾ ಇದೆ. ಅದಕ್ಕೇ ಇಲ್ಲಿ ಬರೆದು ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ಗೊತ್ತಿಲ್ಲದವರಿಗಾಗಿ ಕತೆ ಮೊದಲಿನಿಂದ ಹೇಳುತ್ತೇನೆ. ಉಗಾಂಡಾದ ಉತ್ತರ ಭಾಗ ಅಚೋಲಿ ಜನರ ನಾಡು. ಅಲ್ಲಿನ ದೊಡ್ಡ ಪಟ್ಟಣ ಗುಲು. 1980ರ ದಶಕದ ಕೊನೆಯಲ್ಲಿ ಜೋಸೆಫ್ ಕೋನಿ ಎಂಬಾತ ತನ್ನ ಮೈಮೇಲೆ ಆತ್ಮಗಳು ಬರುತ್ತವೆ ಅಂತ ಹೇಳಿಕೊಂಡು ಸರ್ಕಾರದ ವಿರುದ್ಧ ಸೈನ್ಯ ಕಟ್ಟಿದ. ಅದಕ್ಕೆ ಲಾರ್ಡ್ಸ್ ರೆಸಿಸ್ಟೆನ್ಸ್ ಆರ್ಮಿ ಅಂತ ಹೆಸರು ಬಿತ್ತು, ಚಿಕ್ಕದಾಗಿ ಎಲ್‌ಆರ್‌ಎ. ಸರ್ಕಾರದ ಸೈನ್ಯ ಕೋನಿಯನ್ನು ಹಿಡಿಯಲಾಗದೆ ಹಳ್ಳಿಗರನ್ನೇ ಶಿಬಿರಗಳಿಗೆ ತುಂಬಿತು. ಅಚೋಲಿ ನಾಡಿನ ಬಹುಪಾಲು ಜನ ವರ್ಷಗಟ್ಟಲೆ ಅಲ್ಲೇ ಕೊಳೆತರು, ಆ ಶಿಬಿರಗಳಲ್ಲೂ ಅವರಿಗೆ ರಕ್ಷಣೆ ಸಿಗಲಿಲ್ಲ. ಜನ ತಾವಾಗಿ ಸೇರದೇ ಇದ್ದಾಗ ಕೋನಿ ಹುಡುಕಿಕೊಂಡ ದಾರಿ ಮಕ್ಕಳನ್ನು ಹೊತ್ತೊಯ್ಯುವುದು. ಯುನಿಸೆಫ್ ಲೆಕ್ಕದಲ್ಲಿ ಹೀಗೆ ಹೋದ ಮಕ್ಕಳು ಕನಿಷ್ಠ 25,000. 2003-04ರ ಹೊತ್ತಿಗೆ ಪ್ರತಿ ಸಂಜೆ ಸಾವಿರಾರು ಮಕ್ಕಳು ಚಾಪೆ ಸುತ್ತಿಕೊಂಡು ಹಳ್ಳಿಗಳಿಂದ ಗುಲು ಪಟ್ಟಣಕ್ಕೆ ನಡೆದು ಬಂದು, ಬಸ್ ನಿಲ್ದಾಣದಲ್ಲೋ ಅಂಗಡಿ ಜಗಲಿಯಲ್ಲೋ ಮಲಗಿ, ಬೆಳಿಗ್ಗೆ ವಾಪಸ್ ಹೋಗುತ್ತಿದ್ದರು. ಮನೆಯಲ್ಲಿ ಮಲಗಿದರೆ ಹೊತ್ತೊಯ್ಯುತ್ತಾರೆ ಅನ್ನುವ ಭಯ.

ಒಂಗ್ವೆನ್ ಆ ಮಕ್ಕಳಲ್ಲಿ ಒಬ್ಬ. 1987ರಲ್ಲಿ ಶಾಲೆಗೆ ಹೋಗುವ ದಾರಿಯಲ್ಲಿ ಅವನನ್ನು ಎತ್ತಿಕೊಂಡು ಹೋದರು. ಆಗ ಅವನಿಗೆ ಒಂಬತ್ತು ವರ್ಷ ಆಸುಪಾಸು. ಮುಂದೆ ಅದೇ ಸೈನ್ಯದಲ್ಲಿ ಏರುತ್ತಾ ಏರುತ್ತಾ ಸಿನಿಯಾ ಅನ್ನುವ ಬ್ರಿಗೇಡಿನ ಕಮಾಂಡರ್ ಆದ. ಪಜುಲೆ, ಒಡೆಕ್, ಲುಕೋಡಿ, ಅಬೋಕ್ ಶಿಬಿರಗಳ ಮೇಲೆ 2003-04ರಲ್ಲಿ ನಡೆದ ದಾಳಿಗಳಿಗೆ ಅವನೇ ಹೊಣೆ ಅಂತ ಕೋರ್ಟು ತೀರ್ಮಾನಿಸಿತು. ಕೊಲೆ, ಚಿತ್ರಹಿಂಸೆ, ಗುಲಾಮಗಿರಿ, ಬಲವಂತದ ಮದುವೆ... ಒಟ್ಟು 61 ಆರೋಪಗಳು ಸಾಬೀತಾದವು. ಅದರಲ್ಲಿ ಹದಿನೈದು ತುಂಬದ ಮಕ್ಕಳನ್ನು ಸೈನ್ಯಕ್ಕೆ ಸೇರಿಸಿದ್ದೂ ಒಂದು. ತನಗೆ ಏನನ್ನು ಮಾಡಿದರೋ ಅದನ್ನೇ ಅವನು ಇನ್ನೊಬ್ಬರ ಮಕ್ಕಳಿಗೆ ಮಾಡಿದ್ದ.

ಈ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಕ್ಷೆಯ ವರ್ಷಗಳಲ್ಲ. 2016ರ ಡಿಸೆಂಬರಿನಲ್ಲಿ ವಿಚಾರಣೆ ಶುರುವಾದ ದಿನ ಆರೋಪಗಳನ್ನು ಓದಿ ಹೇಳಿ, ಒಪ್ಪುತ್ತೀಯಾ ಅಂತ ಕೇಳಿದಾಗ ಅವನು ಕೊಟ್ಟ ಉತ್ತರ. ಇವೆಲ್ಲ ಎಲ್‌ಆರ್‌ಎ ಮೇಲಿನ ಆರೋಪಗಳು, ನನ್ನ ಮೇಲಿನವಲ್ಲ. ಎಲ್‌ಆರ್‌ಎ ಅಂದರೆ ಕೋನಿ. ಎಲ್‌ಆರ್‌ಎಯಿಂದ ಹಿಂಸೆ ಅನುಭವಿಸಿದವರಲ್ಲಿ ನಾನೂ ಒಬ್ಬ - ಅವನು ಹೇಳಿದ್ದರ ತಾತ್ಪರ್ಯ ಇಷ್ಟು. ಹತ್ತಿರ ಹತ್ತಿರ ಇಪ್ಪತ್ತೇಳು ವರ್ಷ ಆ ಗುಂಪಿನೊಳಗೇ ಇದ್ದು, ಬ್ರಿಗೇಡ್ ನಡೆಸಿದವನು, ಅದರ ಹೆಸರು ಬಂದಾಗ ‘ನಾವು’ ಅನ್ನದೆ ‘ಅವರು’ ಅಂದ.

ಗೆಳೆಯ ನಕ್ಕುಬಿಟ್ಟ. "ಪಕ್ಕಾ ಲಾಯರ್ ಹೇಳಿಕೊಟ್ಟ ಮಾತು" ಅಂದ. ಇರಬಹುದು. ಆದರೆ ನನಗೆ ಅದು ಅಷ್ಟು ಸಲೀಸಾಗಿ ದಾಟಿ ಹೋಗಲಿಲ್ಲ.

ನಮ್ಮನೆ ಮಾತು ತುಳು. ತುಳುವಿನಲ್ಲಿ ಕನ್ನಡದ ‘ನಾವು’ಗೆ ಎರಡು ಶಬ್ದ ಇದೆ. ‘ನಮ’ ಅಂದರೆ ನಾನು, ನೀನು, ಎಲ್ಲರೂ ಸೇರಿ ನಾವು. ‘ಎಂಕುಲು’ ಅಂದರೆ ನಿನ್ನನ್ನು ಬಿಟ್ಟು ನಾವು. "ನಮ ಪೋಯಿ" ಅಂದರೆ ನೀನೂ ಬಾ ಅಂತಲೇ ಅರ್ಥ. ತೆಲುಗಿನವರಿಗೆ ‘ಮನಂ’, ‘ಮೇಮು’ ಇದೆ. ತಮಿಳರಿಗೆ ‘ನಾಮ್’, ‘ನಾಂಗಳ್’ ಇದೆ. ಕನ್ನಡದಲ್ಲಿ ಮಾತ್ರ ಒಂದೇ ‘ನಾವು’, ಅದರೊಳಗೆ ಎದುರಿಗಿರುವವನು ಇದ್ದಾನೋ ಇಲ್ಲವೋ ಅಂತ ಊಹಿಸಿಕೊಳ್ಳಬೇಕು. ಚಿಕ್ಕವನಿದ್ದಾಗ ಅಜ್ಜಿ ಯಾವುದೋ ಮದುವೆ ವಿಷಯ ಹೇಳುವಾಗ ‘ಎಂಕುಲು’ ಅಂದರೆ ನನಗೆ ಅಳು ಬರುತ್ತಿತ್ತು. ಓಹೋ, ನನ್ನನ್ನು ಕರೆದುಕೊಂಡು ಹೋಗುವುದಿಲ್ಲ ಅಂತ ಒಂದೇ ಶಬ್ದದಲ್ಲಿ ಗೊತ್ತಾಗಿಬಿಡುತ್ತಿತ್ತು!

ಬಾಲ ಸೈನಿಕರ ಬಗ್ಗೆ ಓದಿದ್ದಷ್ಟೂ ನನಗೆ ಇವೇ ಎರಡು ಶಬ್ದ ನೆನಪಾಗುತ್ತವೆ. ಮಗುವನ್ನು ಒಂದು ‘ನಮ’ದಿಂದ ಕಿತ್ತು ತೆಗೆದು ಇನ್ನೊಂದು ‘ಎಂಕುಲು’ವಿನೊಳಗೆ ಹಾಕಿ ಬೀಗ ಜಡಿಯುವುದು. ಆ ಬೀಗ ಜಡಿಯುವ ಕೆಲಸವನ್ನು ಎಲ್‌ಆರ್‌ಎ ಎಷ್ಟು ಲೆಕ್ಕಾಚಾರದಿಂದ ಮಾಡಿತು ಅನ್ನುವುದೇ ಹೆದರಿಕೆ ಹುಟ್ಟಿಸುವ ಸಂಗತಿ.

1996ರ ಅಕ್ಟೋಬರ್ 10ರ ನಸುಕಿನಲ್ಲಿ ಅಬೋಕೆ ಅನ್ನುವ ಊರಿನ ಕಾನ್ವೆಂಟ್ ಶಾಲೆಯ ಹಾಸ್ಟೆಲಿನಿಂದ 139 ಹುಡುಗಿಯರನ್ನು ಹೊತ್ತೊಯ್ದರು. ಅಲ್ಲಿದ್ದ ಇಟಲಿಯ ಸನ್ಯಾಸಿನಿ ಸಿಸ್ಟರ್ ರಾಕೆಲೆ, ಶಾಲೆಯ ಒಬ್ಬ ಮೇಷ್ಟ್ರನ್ನು ಜೊತೆ ಮಾಡಿಕೊಂಡು ಕಾಡಿನೊಳಗೆ ಅವರ ಜಾಡು ಹಿಡಿದು ನಡೆದೇಬಿಟ್ಟರು. ಕಮಾಂಡರ್ ಸಿಕ್ಕ. ನನ್ನ ಹುಡುಗಿಯರನ್ನು ಕೊಡು ಅಂತ ಅಂಗಲಾಚಿದರು. ಅವನು ನೆಲದ ಮೇಲೆ ಬರೆದು ಲೆಕ್ಕ ತೋರಿಸಿದನಂತೆ. ಒಟ್ಟು 139, ನಿನಗೆ 109, ನನಗೆ 30. ನಮ್ಮ ಬದಲು ನನ್ನನ್ನೇ ಇಟ್ಟುಕೋ ಅಂದರೂ ಕೇಳಲಿಲ್ಲ. ಮೂವತ್ತು ಹುಡುಗಿಯರನ್ನು ಬಿಟ್ಟು ಸಿಸ್ಟರ್ ಬರಬೇಕಾಯಿತು. ಒಂದು ವ್ಯವಕಲನದ ಲೆಕ್ಕದಲ್ಲಿ ಆ ಮೂವತ್ತು ಮಂದಿ ‘ಅವರ’ ಕಡೆಯವರಾದರು.

ಹೀಗೆ ಒಯ್ದ ಮಕ್ಕಳನ್ನು ಮೊದಲು ಹಗ್ಗದಲ್ಲಿ ಒಬ್ಬರಿಗೊಬ್ಬರನ್ನು ಕಟ್ಟುತ್ತಿದ್ದರು. ಲೂಟಿ ಮಾಡಿದ್ದನ್ನು ಹೊರಿಸಿ ದಿನಗಟ್ಟಲೆ ನಡೆಸುತ್ತಿದ್ದರು. ಆಮೇಲೆ ಶಿಯಾ ಕಾಯಿಯ ಎಣ್ಣೆಯನ್ನು ಮೈಗೆ ಶಿಲುಬೆಯಾಕಾರದಲ್ಲಿ ಹಚ್ಚುತ್ತಿದ್ದರು. ಇನ್ನು ನೀವು ಓಡಿಹೋದರೂ ಆತ್ಮ ನಿಮ್ಮನ್ನು ಹುಡುಕುತ್ತದೆ ಅಂತ ನಂಬಿಸುತ್ತಿದ್ದರು. ಸಿಯೆರಾ ಲಿಯೋನ್ ದೇಶದ ಯುದ್ಧದಲ್ಲಂತೂ ಬಂಡುಕೋರರು ಕೆಲವು ಮಕ್ಕಳ ಎದೆಯ ಮೇಲೆ ಬ್ಲೇಡಿನಿಂದ ತಮ್ಮ ಗುಂಪಿನ ಮೂರು ಅಕ್ಷರಗಳನ್ನೇ ಕೊರೆದಿದ್ದರು. ಓಡಿಹೋದರೆ ಆ ಅಕ್ಷರ ನೋಡಿದವರು ಕೊಲ್ಲುತ್ತಾರೆ. ಗುರುತು ಅನ್ನುವುದು ಬೇಲಿಯ ಕೆಲಸವನ್ನೂ ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆದರೆ ನಿಜವಾದ ಬೀಗ ಎಣ್ಣೆಯೂ ಅಲ್ಲ, ಬ್ಲೇಡೂ ಅಲ್ಲ. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದ ಮಗುವನ್ನು ಉಳಿದ ಮಕ್ಕಳ ಕೈಯಲ್ಲೇ ಹೊಡೆಸಿ ಸಾಯಿಸುತ್ತಿದ್ದರು. ಹೊಡೆಯದಿದ್ದರೆ ಮುಂದಿನ ಸರದಿ ನಿನ್ನದೇ. ಹೊಡೆದರೆ... ಹೊಡೆದ ಮೇಲೆ ಮನೆಗೆ ಯಾವ ಮುಖ ಹೊತ್ತು ಹೋಗುವುದು? ಊರವರು ನಿನ್ನನ್ನು ಸೇರಿಸುವುದಿಲ್ಲ, ಸರ್ಕಾರದವರು ಗುಂಡು ಹೊಡೆಯುತ್ತಾರೆ ಅಂತ ಕಮಾಂಡರ್ ಹೇಳುವುದು ಆಗ ಸುಳ್ಳು ಅನಿಸುವುದಿಲ್ಲ. ಮಗುವಿನ ಒಳಗಿನ ಅಪರಾಧಿ ಭಾವವನ್ನೇ ಕಾವಲುಗಾರನನ್ನಾಗಿ ನಿಲ್ಲಿಸುವುದು. ಸಂಬಳ ಇಲ್ಲದೆ, ನಿದ್ದೆ ಮಾಡದೆ ಕಾಯುವ ಕಾವಲುಗಾರ.

ಇಲ್ಲಿ ನನ್ನದೊಂದು ಮಾತು ಹೇಳಬೇಕು. ಹೇಳದಿದ್ದರೆ ಈ ಬರಹ ಅಪ್ರಾಮಾಣಿಕ ಆಗುತ್ತದೆ. ಕಾಲೇಜಿನ ಮೊದಲ ವರ್ಷ ಹಾಸ್ಟೆಲಿನಲ್ಲಿದ್ದೆ. ಯಾವ ಊರು, ಯಾವ ಕಾಲೇಜು ಬೇಡ ಬಿಡಿ. ಒಂದು ರಾತ್ರಿ ಸೀನಿಯರುಗಳು ನನ್ನನ್ನೂ ನನ್ನ ರೂಮ್‌ಮೇಟನ್ನೂ ಕಾರಿಡಾರಿನಲ್ಲಿ ಎದುರುಬದುರು ನಿಲ್ಲಿಸಿ, ಅವನ ಕೆನ್ನೆಗೆ ಹೊಡಿ ಅಂದರು. ಮೆಲ್ಲಗೆ ಹೊಡೆದೆ. ಸದ್ದು ಬರಲಿಲ್ಲ, ಇನ್ನೊಮ್ಮೆ ಅಂದರು. ಸದ್ದು ಬರುವವರೆಗೆ ಹೊಡೆದೆ. ಅವನು ಅಳುತ್ತಿದ್ದ, ನಾನೂ ಅಳುತ್ತಿದ್ದೆ. ಆಮೇಲೆ ಸೀನಿಯರೊಬ್ಬ ನನ್ನ ಹೆಗಲ ಮೇಲೆ ಕೈ ಹಾಕಿ ಚಹಾ ಕುಡಿಸಿದ. ನಾಚಿಕೆಗೇಡಿನ ಸಂಗತಿ ಅಂದರೆ ಆ ಕೈಯ ಭಾರ ನನಗೆ ಹಿತವಾಗಿತ್ತು. ಮರುದಿನದಿಂದ ನನಗೆ ಯಾರೂ ತೊಂದರೆ ಕೊಡಲಿಲ್ಲ, ನಾನು ಅವರವನಾಗಿದ್ದೆ. ರೂಮ್‌ಮೇಟ್ ತಿಂಗಳೊಳಗೆ ಹಾಸ್ಟೆಲ್ ಬಿಟ್ಟ. ಮುಂದಿನ ವರ್ಷ ಅದೇ ಕಾರಿಡಾರಿನಲ್ಲಿ ನಾನು ಆಚೆ ಬದಿಗೆ ನಿಂತು, "ನಾವೂ ಅನುಭವಿಸಿಲ್ವಾ?" ಅಂತ ಹೊಸ ಹುಡುಗರಿಗೆ ಹೇಳಿದ್ದು ಚೆನ್ನಾಗಿ ನೆನಪಿದೆ.

ಇದನ್ನೂ ಅದನ್ನೂ ಒಂದೇ ತಕ್ಕಡಿಯಲ್ಲಿ ತೂಗುವಷ್ಟು ಮೂರ್ಖ ನಾನಲ್ಲ. ನನ್ನ ಪ್ರಾಣಕ್ಕೆ ಯಾವ ಅಪಾಯವೂ ಇರಲಿಲ್ಲ, ಬೇಡ ಅಂದಿದ್ದರೆ ಹೆಚ್ಚೆಂದರೆ ನಾಲ್ಕು ಏಟು ಬೀಳುತ್ತಿತ್ತು. ಆದರೆ ಅಷ್ಟು ಅಗ್ಗದ ಬೆಲೆಗೆ ಹದಿನೆಂಟು ವರ್ಷದ ನಾನು ‘ನಾವು’ ಆಗಿಬಿಟ್ಟಿದ್ದರೆ, ಒಂಬತ್ತು ವರ್ಷದ ಮಗು ಹಗ್ಗದ ತುದಿಯಲ್ಲಿ ಏನು ಮಾಡಬೇಕಿತ್ತು?

ಇನ್ನು ಗಾಯದ ವಿಷಯ. ಯುದ್ಧದಿಂದ ಬಂದ ಮಕ್ಕಳೆಲ್ಲ ಹುಚ್ಚರಾಗಿ, ಮೃಗಗಳಾಗಿ ಉಳಿಯುತ್ತಾರೆ ಅನ್ನುವ ಒಂದು ಚಿತ್ರ ನಮ್ಮ ತಲೆಯಲ್ಲಿದೆ. ನನ್ನ ತಲೆಯಲ್ಲೂ ಇತ್ತು. ಗುಲುವಿನ ಶಾಲೆಯೊಂದರಲ್ಲಿ ಓದುತ್ತಿದ್ದ, ಎಲ್‌ಆರ್‌ಎಯಿಂದ ಮರಳಿದ 330 ಮಕ್ಕಳನ್ನು ಮಾತಾಡಿಸಿ ಫಿಯೋನಾ ಕ್ಲಾಸೆನ್ ಮತ್ತು ಜೊತೆಗಾರರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹನ್ನೊಂದರಿಂದ ಹದಿನೇಳು ವರ್ಷದ ಮಕ್ಕಳು. ಅರ್ಧದಷ್ಟು ಮಕ್ಕಳು ತಾವು ಕೈಯಾರೆ ಕೊಂದಿದ್ದೇವೆ ಅಂದರು. ಮೂರನೇ ಒಂದು ಭಾಗದಷ್ಟು ಮಕ್ಕಳಲ್ಲಿ ಆಘಾತದ ಕಾಯಿಲೆ ಇತ್ತು. ಕೆಟ್ಟ ಕನಸು, ಸಣ್ಣ ಸದ್ದಿಗೂ ಬೆಚ್ಚುವುದು, ಕಂಡದ್ದೇ ಮತ್ತೆ ಮತ್ತೆ ಕಣ್ಣ ಮುಂದೆ ಬರುವುದು. ಆದರೆ ಅದೇ ಮಕ್ಕಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚಿನವರು ಅಷ್ಟೆಲ್ಲ ಕಂಡೂ ಮನಸ್ಸಿನ ಆರೋಗ್ಯ ಉಳಿಸಿಕೊಂಡಿದ್ದರು! ಯಾರವರು? ಮನೆಯಲ್ಲಿ ಹೊಡೆತ ಬಡಿತ ಕಡಿಮೆ ಇದ್ದವರು, ಊಟಕ್ಕೆ ತತ್ವಾರ ಇಲ್ಲದವರು, ದೇವರು ದಿಂಡರ ಆಸರೆ ಇದೆ ಅಂದುಕೊಂಡವರು, ತಪ್ಪಿತಸ್ಥ ಭಾವ ಮತ್ತು ಸೇಡಿನ ಆಸೆ ಕಡಿಮೆ ಇದ್ದವರು. ಅಂದರೆ ಕಾಡಿನಲ್ಲಿ ಏನಾಯಿತು ಅನ್ನುವುದು ಎಷ್ಟು ಮುಖ್ಯವೋ ಮನೆಗೆ ಬಂದ ಮೇಲೆ ಏನಾಯಿತು ಅನ್ನುವುದೂ ಅಷ್ಟೇ ಮುಖ್ಯ.

ಸಿಯೆರಾ ಲಿಯೋನಿನಲ್ಲಿ 2002ರಿಂದ ವರ್ಷಗಟ್ಟಲೆ ಇಂಥ ಮಕ್ಕಳ ಬೆನ್ನು ಹತ್ತಿ ಅಧ್ಯಯನ ಮಾಡಿದ ಥೆರೆಸಾ ಬೆಟನ್‌ಕೋರ್ಟ್ ಕಂಡಿದ್ದೂ ಹೆಚ್ಚುಕಡಿಮೆ ಇದನ್ನೇ. ಊರು ಒಪ್ಪಿಕೊಂಡ ಮಕ್ಕಳು ಚೇತರಿಸಿಕೊಂಡರು, ಊರು ಬೆರಳು ತೋರಿಸಿದ ಮಕ್ಕಳ ಸಿಟ್ಟು, ಖಿನ್ನತೆ ಹೆಚ್ಚಿತು. ಉತ್ತರ ಉಗಾಂಡಾದಲ್ಲಿ ಕ್ರಿಸ್ಟಫರ್ ಬ್ಲಾಟ್‌ಮನ್ ಮಾಡಿದ ಸಮೀಕ್ಷೆಯಲ್ಲಿ ಇನ್ನೊಂದು ಆಶ್ಚರ್ಯ ಇದೆ. ಅಪಹರಣಕ್ಕೆ ಒಳಗಾಗಿ ಬಂದ ಯುವಕರು ಓದಿನಲ್ಲಿ, ಸಂಪಾದನೆಯಲ್ಲಿ ಹಿಂದೆ ಬಿದ್ದಿದ್ದರು, ನಿಜ. ಆದರೆ ಚುನಾವಣೆಯಲ್ಲಿ ಮತ ಹಾಕುವುದರಲ್ಲಿ, ಊರಿನ ಮುಂದಾಳುಗಳಾಗುವುದರಲ್ಲಿ ಉಳಿದವರಿಗಿಂತ ಮುಂದಿದ್ದರು. ಕೆಟ್ಟ ‘ನಾವು’ ಕಂಡವನಿಗೆ ಒಳ್ಳೆಯ ‘ನಾವು’ವಿನ ಬೆಲೆ ಗೊತ್ತಿರುತ್ತದೆಯೋ ಏನೋ. ಇದು ನನ್ನ ಊಹೆ ಅಷ್ಟೇ.

ಬಹುಪಾಲು ಮಕ್ಕಳು ತಾವಾಗಿಯೇ ತಪ್ಪಿಸಿಕೊಂಡು ಬಂದವರು. ಉಗಾಂಡಾ 2000ದಲ್ಲಿ ಕ್ಷಮಾದಾನದ ಕಾನೂನು ತಂದಿತು, ಬಂಡಾಯ ಬಿಟ್ಟು ಬಂದವರಿಗೆ ಒಂದು ಸರ್ಟಿಫಿಕೇಟು. ಗುಲುವಿನ ಮೆಗಾ ಎಫ್‌ಎಂ ರೇಡಿಯೋದಲ್ಲಿ ‘ದ್ವೋಗ್ ಪಾಚೋ’ ಅಂತ ಕಾರ್ಯಕ್ರಮ ಬರುತ್ತಿತ್ತು. ‘ಮನೆಗೆ ಬಾ’ ಅಂತ ಅರ್ಥ. ಮರಳಿ ಬಂದವರು ಅದರಲ್ಲಿ ಮಾತಾಡುತ್ತಿದ್ದರು, ಕಾಡಿನಲ್ಲಿರುವವರು ಕದ್ದು ಕೇಳುತ್ತಿದ್ದರು. ನಿನ್ನೆ ಪಕ್ಕದಲ್ಲಿ ಮಲಗುತ್ತಿದ್ದವನ ದನಿ ಇವತ್ತು ರೇಡಿಯೋದಿಂದ ಬಂದು, ನಾನು ಬದುಕಿದ್ದೇನೆ, ಇಲ್ಲಿ ಯಾರೂ ಕೊಲ್ಲಲಿಲ್ಲ ಅಂದರೆ ಕಮಾಂಡರನ ಅರ್ಧ ಸುಳ್ಳು ಅಲ್ಲೇ ಬಿದ್ದುಹೋಗುತ್ತದೆ. ಬೀಗ ಒಡೆಯಲು ಇದಕ್ಕಿಂತ ಸರಳ ಉಪಾಯ ನಾನು ಕೇಳಿಲ್ಲ.

ಬಂದವರಿಗೆ ಅಚೋಲಿ ಹಿರಿಯರು ಮಾಡುತ್ತಿದ್ದ ಒಂದು ಶಾಸ್ತ್ರದ ಬಗ್ಗೆ ಓದಿದಾಗ ನಮ್ಮ ಮನೆಯ ಹೊಸಿಲು, ಅಕ್ಕಿ ಸೇರು ಎಲ್ಲ ಕಣ್ಣ ಮುಂದೆ ಬಂತು. ಅದರ ಹೆಸರು ‘ನ್ಯೋನೋ ತೊಂಗ್ ಗ್ವೆನೋ’, ಮೊಟ್ಟೆ ತುಳಿಯುವುದು. ಮನೆಯ ಮುಂದೆ ಹಸಿ ಕೋಳಿಮೊಟ್ಟೆ ಇಡುತ್ತಾರೆ. ಜೊತೆಗೆ ಒಪೋಬೋ ಅನ್ನುವ ಗಿಡದ ಟೊಂಗೆ. ಅದರ ಲೋಳೆಯನ್ನು ಸೋಪಿನ ಹಾಗೆ ತೊಳೆಯಲು ಬಳಸುತ್ತಾರೆ. ಇನ್ನೊಂದು, ಲಾಯಿಬಿ ಅನ್ನುವ ಕೋಲು. ಕಣಜದ ಮುಚ್ಚಳ ಎತ್ತಿ ನಿಲ್ಲಿಸುವ ಕೋಲು ಅದು. ಬಂದವನು ಬರಿಗಾಲಲ್ಲಿ ಮೊಟ್ಟೆ ಒಡೆದು, ಟೊಂಗೆ ಮತ್ತು ಕೋಲನ್ನು ದಾಟಿ ಒಳಗೆ ಬರಬೇಕು. ಹೊರಗೆ ಅಂಟಿದ್ದು ಹೊರಗೇ ಉಳಿಯಲಿ, ಈ ಮನೆಯ ಕಣಜದಲ್ಲಿ ನಿನಗೂ ಪಾಲಿದೆ ಅಂತ. ನೋಡಿ, ಇಡೀ ಶಾಸ್ತ್ರದಲ್ಲಿ ‘ನೀನು ಏನು ಮಾಡಿದೆ?’ ಅನ್ನುವ ಪ್ರಶ್ನೆಯೇ ಇಲ್ಲ. ‘ನಮ’ ಅನ್ನುವ ಒಂದು ಶಬ್ದವನ್ನು ಮಾತಿಲ್ಲದೆ ಹೇಳುವ ಕ್ರಮ ಅದು.

ನಾವು ಆಘಾತ ಅಂದರೆ ಒಬ್ಬನ ತಲೆಯೊಳಗಿನ ಕಾಯಿಲೆ ಅಂತ ತಿಳಿಯುತ್ತೇವೆ. ಅಚೋಲಿಯವರು ‘ಚೆನ್’ ಅನ್ನುತ್ತಾರೆ. ಅನ್ಯಾಯವಾಗಿ ಸತ್ತವನ ಆತ್ಮ ಕೊಂದವನನ್ನು ಹಿಡಿಯುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಅವನ ಮನೆಯವರಿಗೂ ದಾಟಬಹುದು. ಮೂಢನಂಬಿಕೆ ಅನ್ನುವಿರಾ? ಅನ್ನಿ. ಈ ನಂಬಿಕೆಗೆ ಎರಡು ಅಲಗು. ಚೆನ್ ಹಿಡಿದವನು ಅಂತ ಹೆದರಿ ದೂರ ಇಡಬಹುದು. ಹಾಗೆಯೇ, ಇದು ಅವನೊಬ್ಬನ ಕಾಯಿಲೆ ಅಲ್ಲ, ನಮ್ಮೆಲ್ಲರದ್ದು, ಎಲ್ಲರೂ ಕೂತು ಬಗೆಹರಿಸಬೇಕು ಅನ್ನುವುದಕ್ಕೂ ಅದೇ ದಾರಿ.

ಶಾಸ್ತ್ರದ ಜೊತೆ ಔಷಧಿಯೂ ಬೇಕಲ್ಲ? ಅದೂ ಆಗಿದೆ. 2011ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಆಘಾತದ ಕಾಯಿಲೆಯಿದ್ದ 85 ಮಾಜಿ ಬಾಲ ಸೈನಿಕರನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿನವರ ಮನೆಗೇ ಹೋಗಿ, ಎಂಟು ಸಲ ಕೂತು, ಹುಟ್ಟಿದಲ್ಲಿಂದ ಇವತ್ತಿನವರೆಗೆ ಇಡೀ ಜೀವನದ ಕತೆಯನ್ನು ಸಾಲಾಗಿ ಹೇಳಿಸಿದರು. ಕೇಳಿದವರು ದೊಡ್ಡ ಡಾಕ್ಟರುಗಳಲ್ಲ, ತರಬೇತಿ ಪಡೆದ ಸ್ಥಳೀಯರೇ. ಉಳಿದೆರಡು ಗುಂಪಿಗಿಂತ ಇವರ ತೊಂದರೆ ಹೆಚ್ಚು ಇಳಿಯಿತು. ನನಗೆ ಅನ್ನಿಸಿದ್ದು ಇಷ್ಟು. ಗುಂಪಿನೊಳಗೆ ಆದದ್ದೆಲ್ಲ ‘ನಾವು ಹೋದೆವು, ನಾವು ಸುಟ್ಟೆವು’ ಅಂತ ಕಲಸಿಹೋಗಿರುತ್ತದೆ. ಸಾಲಾಗಿ ಹೇಳುವಾಗ ‘ನಾನು’ ಮೆಲ್ಲಗೆ ಹೊರಗೆ ಬರುತ್ತದೆ. ಆಗ ನನಗೆ ಹತ್ತು ವರ್ಷ, ಆಗ ನನಗೆ ಹೀಗಾಯಿತು, ಆಮೇಲೆ ನಾನು ಹೀಗೆ ಮಾಡಿದೆ. ಎದುರಿಗೆ ಕೂತು ಕೇಳುವವನು ತನ್ನದೇ ಭಾಷೆಯವನು, ಎದ್ದು ಹೋಗುವುದಿಲ್ಲ. ಅರ್ಧ ಚಿಕಿತ್ಸೆ ಅಲ್ಲೇ ಇರಬೇಕು.

ಎಲ್ಲ ಸುಖಾಂತ ಅಂದುಕೊಳ್ಳಬೇಡಿ. ಮೊಟ್ಟೆ ತುಳಿಯಲು ಒಂದು ನಿಮಿಷ ಸಾಕು, ಆಮೇಲಿನ ಬದುಕು ಉದ್ದ ಇರುತ್ತದೆ. ‘ಲುಮ್’ ಅಂದರೆ ಅವರ ಮಾತಿನಲ್ಲಿ ಹುಲ್ಲು, ಪೊದೆ, ಕಾಡು. ಬಾವಿಕಟ್ಟೆಯಲ್ಲಿ ಕೊಡಕ್ಕೆ ಕೊಡ ತಾಗಿದರೂ ‘ಕಾಡಿನಿಂದ ಬಂದವಳು’ ಅನ್ನುವ ಮಾತು ಹೊರಗೆ ಬರುತ್ತದೆ. ಹೆಚ್ಚು ಕಷ್ಟ ಆಗಿದ್ದು ಕಮಾಂಡರುಗಳ ಬಲವಂತದ ‘ಹೆಂಡತಿ’ಯರಾಗಿ, ಮಕ್ಕಳನ್ನು ಎತ್ತಿಕೊಂಡು ಬಂದ ಹೆಣ್ಣುಮಕ್ಕಳಿಗೆ. ಅಲ್ಲಿ ಮಗುವಿನ ಕುಲ, ಜಮೀನಿನ ಹಕ್ಕು ಎಲ್ಲ ಅಪ್ಪನ ಕಡೆಯಿಂದ ಬರುತ್ತದೆ. ಅಪ್ಪ ಯಾರು ಅಂತ ಹೇಳುವುದು ಹೇಗೆ? ಆ ಮಕ್ಕಳು ಯಾರನ್ನೂ ಕೊಂದವರಲ್ಲ, ಕಾಡಿನಲ್ಲಿ ಹುಟ್ಟಿದ್ದೇ ಅವರ ತಪ್ಪು. ಅಂಥ ಹೆಂಗಸರೇ 2011ರಲ್ಲಿ ಗುಲುವಿನಲ್ಲಿ ಒಂದಾಗಿ ವಿಮೆನ್ಸ್ ಅಡ್ವೊಕೆಸಿ ನೆಟ್‌ವರ್ಕ್ ಅಂತ ಕಟ್ಟಿಕೊಂಡರು. ತಮ್ಮ ಮತ್ತು ಮಕ್ಕಳ ಪರವಾಗಿ 2014ರಲ್ಲಿ ಉಗಾಂಡಾ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟರು. ಕಾಡಿನ ನೆನಪನ್ನು ಒರೆಸಿ ಹಾಕಲಿಲ್ಲ. ಅದೇ ನೆನಪಿನಿಂದ, ಕೋನಿಯದೂ ಅಲ್ಲದ, ಬೆರಳು ತೋರಿಸುವ ಊರಿನದೂ ಅಲ್ಲದ ಮೂರನೆಯ ‘ನಾವು’ ಒಂದನ್ನು ಮಾಡಿಕೊಂಡರು. ಇದನ್ನು ಓದಿ ನನಗೆ ನಿಜಕ್ಕೂ ಸಂತೋಷ ಆಯ್ತು.

ಹೊಸ ಹೆಸರು ಯಾರು ಇಡುತ್ತಾರೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂತ ತಿಳಿಯಲು ಆಫ್ರಿಕಾಕ್ಕೇ ಹೋಗಬೇಕಿಲ್ಲ, ಪಕ್ಕದ ನೇಪಾಳ ಸಾಕು. 2006ರಲ್ಲಿ ಅಲ್ಲಿ ಮಾವೋವಾದಿಗಳ ಯುದ್ಧ ಮುಗಿದಾಗ ವಿಶ್ವಸಂಸ್ಥೆಯವರು ಅವರ ಸೈನಿಕರನ್ನು ಪರಿಶೀಲಿಸಿದರು. 2006ರ ಮೇ 25ಕ್ಕೆ ಹದಿನೆಂಟು ತುಂಬದ 2,973 ಮಂದಿ ಸಿಕ್ಕರು. ತಡವಾಗಿ ಸೇರಿದವರನ್ನೂ ಸೇರಿಸಿ ಒಟ್ಟು 4,008 ಮಂದಿಯನ್ನು 2010ರ ಆರಂಭದಲ್ಲಿ ಶಿಬಿರಗಳಿಂದ ಹೊರಗೆ ಕಳಿಸಿದರು. ನಿಯಮದ ಭಾಷೆಯಲ್ಲಿ ಇವರು ಅನರ್ಹರು. ನೇಪಾಳಿಯಲ್ಲಿ ಆ ಶಬ್ದ ಏನಾಯಿತು ಗೊತ್ತಾ? ‘ಅಯೋಗ್ಯ’! ಕನ್ನಡದವರಿಗೆ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೇಪಾಳದಲ್ಲೂ ಅದು ಚುಚ್ಚಿತು. ಆ ಸೈನ್ಯದಲ್ಲಿದ್ದ ಎಷ್ಟೋ ಹುಡುಗಿಯರಿಗೆ ಜಾತಿ, ಮುಟ್ಟುಚಟ್ಟು ಇಲ್ಲದೆ ಗಂಡಸರ ಜೊತೆ ಸಮವಾಗಿ ನಿಂತದ್ದು ಅದೇ ಮೊದಲು. ಎಲ್ಲರೂ ಕೋನಿಯ ಮಕ್ಕಳಂತೆ ಹಗ್ಗ ಕಟ್ಟಿ ಒಯ್ದವರಲ್ಲ, ಕೆಲವರು ಬೇಕು ಅಂತಲೇ ಹೋಗಿದ್ದರು. ಊರಿಗೆ ಮರಳಿದರೆ ಮತ್ತೆ ಅದೇ ಹಳೆಯ ಹೊಸಿಲು, ಮೇಲೆ ‘ಅಯೋಗ್ಯ’ ಅನ್ನುವ ಮುದ್ರೆ. ನೇಪಾಳದ ಮಾಜಿ ಬಾಲ ಸೈನಿಕರನ್ನು ಅಷ್ಟೇ ಸಂಖ್ಯೆಯ ಬೇರೆ ಮಕ್ಕಳ ಜೊತೆ ಹೋಲಿಸಿದ 2008ರ ಅಧ್ಯಯನದಲ್ಲಿ, ಅನುಭವಿಸಿದ ಹಿಂಸೆಯನ್ನು ಲೆಕ್ಕಕ್ಕೆ ಹಿಡಿದ ಮೇಲೂ ಸೈನಿಕರಾಗಿದ್ದವರಲ್ಲೇ ಖಿನ್ನತೆ ಹೆಚ್ಚಿತ್ತು. ಹುಡುಗಿಯರಲ್ಲಿ ಆಘಾತದ ಕಾಯಿಲೆಯೂ ಹೆಚ್ಚಿತ್ತು.

ಮತ್ತೆ ಒಂಗ್ವೆನ್ ಹತ್ತಿರ ಬರುತ್ತೇನೆ, ಗೆಳೆಯನಿಗೆ ಉತ್ತರ ಬಾಕಿ ಇದೆಯಲ್ಲ.

ಅವನ ವಕೀಲರು, ಅವನಿಗೆ ಮಾನಸಿಕ ಕಾಯಿಲೆ ಇತ್ತು, ಪ್ರಾಣಭಯದಲ್ಲಿ ಮಾಡಿದ ಅಂತ ವಾದಿಸಿದರು. ನ್ಯಾಯಾಧೀಶರು ಒಪ್ಪಲಿಲ್ಲ. ಆದರೆ ಜೀವಾವಧಿಯನ್ನೂ ಕೊಡಲಿಲ್ಲ, ಒಂಬತ್ತು ವರ್ಷಕ್ಕೇ ಅಪಹರಣವಾದದ್ದನ್ನು ಗಣನೆಗೆ ತೆಗೆದುಕೊಂಡು ಇಪ್ಪತ್ತೈದು ಅಂದರು. ಮೂವರಲ್ಲಿ ಒಬ್ಬರು ಮೂವತ್ತು ಆಗಬೇಕು ಅಂತ ಬೇರೆ ಬರೆದರು. 2022ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. 2024ರಲ್ಲಿ ಬಲಿಪಶುಗಳಿಗೆ 5.2 ಕೋಟಿ ಯೂರೋಗೂ ಹೆಚ್ಚಿನ ಪರಿಹಾರದ ಆದೇಶ ಬಂತು. ಅದರಲ್ಲಿ ಅವನ ಕೈಕೆಳಗಿದ್ದ ಮಾಜಿ ಬಾಲ ಸೈನಿಕರಿಗೂ ಪಾಲಿದೆ. ಕೋನಿ ಮಾತ್ರ ಸಿಗಲಿಲ್ಲ, 2025ರ ಸೆಪ್ಟೆಂಬರಿನಲ್ಲಿ ಅವನ ಗೈರುಹಾಜರಿಯಲ್ಲೇ ಆರೋಪಗಳ ವಿಚಾರಣೆ ನಡೆಯಿತು.

ನನಗೆ ಈಗ ತೋಚುವುದು ಇಷ್ಟು. ಕೋರ್ಟಿಗೆ ಬೇಕಾಗಿದ್ದು ‘ನಾನು’. ಅದು ನ್ಯಾಯವೇ. ಲುಕೋಡಿಯಲ್ಲಿ ಮನೆ ಜೊತೆ ಸುಟ್ಟುಹೋದವರ ಮನೆಯವರಿಗೆ ‘ಯಾರೋ ಒಂದು ಗುಂಪು ಮಾಡಿತು’ ಅನ್ನುವ ಉತ್ತರ ಸಾಲುವುದಿಲ್ಲ. ಒಂಬತ್ತರ ಹುಡುಗ ಮಾಡಿದ್ದಕ್ಕೆ ಇಪ್ಪತ್ತೈದರ ಗಂಡಸು ಹೊಣೆ ಅಲ್ಲ, ಆದರೆ ಇಪ್ಪತ್ತೈದರ ಗಂಡಸು ಮಾಡಿದ್ದಕ್ಕೆ ಒಂಬತ್ತರ ಹುಡುಗನನ್ನು ಮುಂದೆ ನಿಲ್ಲಿಸಿ ಬಚ್ಚಿಟ್ಟುಕೊಳ್ಳಲೂ ಆಗದು. ಅದೇ ಕಷ್ಟ ಅನುಭವಿಸಿದ ಸಾವಿರಾರು ಮಕ್ಕಳು ಬೀಗ ಒಡೆದು ಓಡಿ ಬಂದಿದ್ದಾರೆ, ಅವರನ್ನು ನಾವು ಮರೆಯಬಾರದು. ಅವನು ಪಾಪದವನೂ ಹೌದು, ಪಾಪಿಯೂ ಹೌದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಆದರೆ ‘ನಾವು’ ಅನ್ನುವುದನ್ನು ಯಾವ ಕೋರ್ಟೂ ಕೊಡಲಾರದು. ಅದನ್ನು ಕೊಡಬೇಕಾದವರು ಮೊಟ್ಟೆ ಇಡುವ ಮನೆಯವರು. ಅದೆಷ್ಟು ದುಬಾರಿ ಅಂತ ನೋಡಿ. ಮಗನನ್ನು ಕಳಕೊಂಡ ಮನೆಯ ಪಕ್ಕದಲ್ಲೇ ಕೊಂದ ಕೈಯೂ ವಾಸ ಮಾಡಬೇಕು. ಬೆಂಗಳೂರಿನಲ್ಲಿ ಫ್ಯಾನಿನ ಕೆಳಗೆ ಕೂತು ‘ಕ್ಷಮಿಸಿಬಿಡಿ’ ಅಂತ ಅವರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಅವರು ಕ್ಷಮಿಸಿದ್ದರೆ ಅದು ಅವರ ದೊಡ್ಡತನ, ಕ್ಷಮಿಸದಿದ್ದರೆ ಅದು ಅವರ ಹಕ್ಕು.

ನನ್ನ ಯೋಗ್ಯತೆಗೆ ತಕ್ಕ ಕೆಲಸ ಬೇರೆ ಇದೆ. ಆ ಕಾರಿಡಾರಿನ ಬಗ್ಗೆ ಇಷ್ಟು ವರ್ಷ ಯಾರು ಕೇಳಿದರೂ ‘ಸೀನಿಯರ್‌ಗಳು ಹಾಗೆ ಮಾಡಿಸುತ್ತಿದ್ದರು’ ಅಂತಲೇ ಹೇಳಿಕೊಂಡು ಬಂದಿದ್ದೇನೆ. ‘ಅವರು’ ಅಂತ. ಒಂಗ್ವೆನ್ ಕೋರ್ಟಿನಲ್ಲಿ ಹೇಳಿದ್ದಕ್ಕೆ ನಗುವ ಹಕ್ಕು ನನಗೆಲ್ಲಿದೆ? ಆ ರೂಮ್‌ಮೇಟ್ ಈಗ ಎಲ್ಲಿದ್ದಾನೆ ಅಂತ ನನಗೆ ಗೊತ್ತು, ಇಬ್ಬರಿಗೂ ಗೊತ್ತಿರುವ ಗೆಳೆಯರಿದ್ದಾರೆ. ಹೊಡೆದಿದ್ದು ನಾನು ಅಂತ ಅವನಿಗೆ ಒಂದು ಕಾಗದ ಬರೆಯಲು ಎರಡು ಸಲ ಕೂತೆ. ಎರಡು ಸಲವೂ ‘ನಾವು ಆಗ ಚಿಕ್ಕವರು’ ಅಂತ ಶುರುವಾಯಿತು, ಅಳಿಸಿದೆ. ಇನ್ನೊಮ್ಮೆ ಕೂರಬೇಕು.

ಗೆಳೆಯ ಇದನ್ನು ಓದುತ್ತಾನೆ. ಸೋಮವಾರ ಕಾಫಿಗೆ ಮತ್ತೆ ಜಗಳ ಇದ್ದೇ ಇದೆ. ನೀವೇನಂತೀರಿ? ಆ ಮೂವರು ನ್ಯಾಯಾಧೀಶರ ಜಾಗದಲ್ಲಿ ನೀವಿದ್ದಿದ್ದರೆ ಏನು ಬರೆಯುತ್ತಿದ್ದಿರಿ? ಅದಕ್ಕಿಂತ ಕಷ್ಟದ ಪ್ರಶ್ನೆ - ಆ ಊರಿನಲ್ಲಿ ನಿಮ್ಮ ಮನೆ ಇದ್ದಿದ್ದರೆ, ಹೊಸಿಲ ಮುಂದೆ ಮೊಟ್ಟೆ ಇಡುತ್ತಿದ್ದಿರಾ?